ಚರ್ಚಿನ ಹೊರಗೆ ಕೂತ ಬೆನ್

ಮೊದಲೇ ಹೇಳಿಬಿಡ್ತೀನಿ: 'ಲಾಸ್ಟ್' ಸರಣಿಯನ್ನು ಮುಂದೆ ಯಾವತ್ತಾದರೂ ನೋಡೋ ಆಸೆ ಇಟ್ಕೊಂಡವರು ಇದನ್ನು ಈಗ ಓದಬೇಡಿ. ಗುಟ್ಟೆಲ್ಲ ರಟ್ಟಾಗುತ್ತೆ.

2004ರ ಸೆಪ್ಟೆಂಬರಿನಲ್ಲಿ ಎಬಿಸಿ ಚಾನೆಲ್ಲಿನಲ್ಲಿ ಶುರುವಾಗಿ 2010ರ ಮೇ 23ಕ್ಕೆ ಮುಗಿದ ಈ ಸರಣಿಯ ಕೊನೇ ಕಂತನ್ನು ಬೈಯದವರು ಕಡಿಮೆ. ಆರು ಸೀಸನ್ ಹಿಮಕರಡಿ, ಕಪ್ಪು ಹೊಗೆ, ಮಾಯದ ನಂಬರುಗಳು ಅಂತ ತಲೆ ಕೆಡಿಸಿ, ಕೊನೆಗೆ ಎಲ್ಲರನ್ನೂ ಒಂದು ಚರ್ಚಿನಲ್ಲಿ ಸೇರಿಸಿ ಬೆಳಕು ತೋರಿಸಿ ಕಳಿಸಿಬಿಟ್ಟರು ಅನ್ನೋದು ದೂರು. ಅದರಲ್ಲಿ ಅರ್ಧ ನನಗೂ ಒಪ್ಪಿಗೆ. ಆದರೂ ನಾನು ಆ ಕಂತನ್ನು ಮತ್ತೆ ಮತ್ತೆ ಹಾಕಿಕೊಂಡು ನೋಡೋದು ಚರ್ಚಿನ ಹೊರಗೆ ನಡೆಯೋ ಎರಡು ನಿಮಿಷದ ಮಾತಿಗಾಗಿ.

'ಲಾಸ್ಟ್'ನ ಅಧ್ಯಾತ್ಮ ಅಂದ ಕೂಡಲೇ ಜನ ತೋರಿಸೋದು ಅಲಂಕಾರಗಳನ್ನು. ದ್ವೀಪದಲ್ಲಿ ಪ್ರಯೋಗ ನಡೆಸೋ ಸಂಸ್ಥೆಯ ಹೆಸರು 'ಧರ್ಮ', ಅದರ ತರಬೇತಿ ಚಿತ್ರಗಳಲ್ಲಿ 'ನಮಸ್ತೆ'. ನೆಲಮಾಳಿಗೆಯ ಡೆಸ್ಮಂಡ್ 108 ನಿಮಿಷಕ್ಕೊಮ್ಮೆ, ಜಪಮಣಿ ಎಣಿಸಿದ ಹಾಗೆ, ಒಂದು ಗುಂಡಿ ಒತ್ತುತ್ತಲೇ ಇರಬೇಕು. ಕೊನೆಯ ಚರ್ಚಿನಲ್ಲಿ ಜ್ಯಾಕ್ ತನ್ನ ಅಪ್ಪನ ಶವಪೆಟ್ಟಿಗೆ ತೆರೆಯೋ ಕೋಣೆಯ ಕಿಟಕಿಯಲ್ಲಿ ಶಿಲುಬೆ, ಓಂ, ಅರ್ಧಚಂದ್ರ, ಧರ್ಮಚಕ್ರ ಎಲ್ಲ ಒಟ್ಟಿಗೆ ಇವೆ. ನಮ್ಮ ಬೆಂಗಳೂರಿನ ಆಟೋಗಳ ಗಾಜಿನ ಮೇಲೂ ಇರುತ್ತವೆ. ಆಟೋದವರು ಅದಕ್ಕೆ ಆರು ಸೀಸನ್ ತಗೊಳ್ಳಲ್ಲ.

ಪ್ರಾಯಶ್ಚಿತ್ತದ ವಿಷಯದಲ್ಲೂ ಸರಣಿ ಬಹಳ ಸಲ ಅಗ್ಗದ ದಾರಿ ಹಿಡಿಯುತ್ತೆ: ಪಾಪ ಮಾಡಿದವನು ಸತ್ತರೆ ಸಾಕು. ಮಗನಿಗೋಸ್ಕರ ಇಬ್ಬರು ಹೆಂಗಸರನ್ನು ಗುಂಡಿಕ್ಕಿ ಕೊಂದ ಮೈಕಲ್ ಹಡಗಿನ ಬಾಂಬಿನ ಪಕ್ಕ ಸಾಯ್ತಾನೆ. ಇರಾಕಿ ಸೇನೆಯಲ್ಲಿ ಚಿತ್ರಹಿಂಸೆ ಕೊಡೋದೇ ಕೆಲಸವಾಗಿದ್ದ ಸಯೀದ್ ಜಲಾಂತರ್ಗಾಮಿಯಲ್ಲಿ ಬಾಂಬ್ ತಬ್ಬಿಕೊಂಡು ಓಡ್ತಾನೆ. ಸಾಲವನ್ನು ಒಂದೇ ಏಟಿಗೆ ಪ್ರೀಕ್ಲೋಸ್ ಮಾಡಿದ ಹಾಗೆ. ಅವರಿಂದ ನೊಂದವರು ಏನನ್ನಬಹುದಿತ್ತು ಅನ್ನೋದು ಕೇಳಿಸೋದೇ ಇಲ್ಲ.

ಎಕೋ ಬೇರೆ ಥರದವನು. ನೈಜೀರಿಯಾದ ಹಳ್ಳಿಯಲ್ಲಿ ಬಂದೂಕುಧಾರಿಗಳು ಅವನ ತಮ್ಮ ಯೆಮಿಯ ಕೈಗೆ ಪಿಸ್ತೂಲು ಕೊಟ್ಟು ಒಬ್ಬ ಮುದುಕನನ್ನು ಕೊಲ್ಲು ಅಂತಾರೆ. ಎಕೋ ಅದನ್ನು ಕಿತ್ಕೊಂಡು ತಾನೇ ಗುಂಡು ಹಾರಿಸ್ತಾನೆ. ತಮ್ಮ ಪಾದ್ರಿ ಆಗ್ತಾನೆ, ಅಣ್ಣ ಮಾದಕವಸ್ತು ಸಾಗಿಸೋ ಪಾತಕಿ. ಮುಂದೆ ದ್ವೀಪದಲ್ಲಿ ತಮ್ಮನ ರೂಪ ಎದುರಿಗೆ ನಿಂತಾಗ ಎಕೋ ಕ್ಷಮೆ ಕೇಳಲ್ಲ. ಬದುಕೋದಕ್ಕೆ ಏನು ಬೇಕೋ ಅದನ್ನು ಮಾಡಿದೆ, ಅದು ಪಾಪ ಅಲ್ಲ ಅಂತಾನೆ. ಆಮೇಲೆ ಕಪ್ಪು ಹೊಗೆ ಅವನನ್ನು ಬಡಿದು ಕೊಲ್ಲುತ್ತೆ. ಆ ಪಾತ್ರದ ನಟನಿಗೆ ಸರಣಿ ಬಿಡಬೇಕಿತ್ತು, ಸರಿ. ಆದರೆ ಅಷ್ಟು ಒಳ್ಳೇ ಪ್ರಶ್ನೆ ಎತ್ತಿ, ಉತ್ತರದ ಬದಲು ಹೊಗೆ ಕಳಿಸಿದ್ದು ನನಗೆ ಇವತ್ತಿಗೂ ಸಿಟ್ಟು.

ಆ ಪ್ರಶ್ನೆಗೆ ಸರಣಿ ತಡವಾಗಿ ಕೊಟ್ಟ ಉತ್ತರ ಬೆನ್ ಲೈನಸ್. ಸುಳ್ಳುಗಾರ, ಕೊಲೆಗಾರ. ಸಾಕುಮಗಳು ಅಲೆಕ್ಸಳ ತಲೆಗೆ ಶತ್ರು ಪಿಸ್ತೂಲು ಇಟ್ಟಾಗ, ಅವಳು ನನಗೆ ಯಾರೂ ಅಲ್ಲ ಅಂತ ಜೂಜಾಡಿ ಸೋತವನು. ಸ್ವಂತ ಕೈಯಿಂದ ಜಾನ್ ಲಾಕ್‌ನ ಕತ್ತು ಬಿಗಿದವನು. ಆರನೇ ಸೀಸನ್ನಿನಲ್ಲಿ ಇಲಾನಾ ಅವನ ಕೈಯಲ್ಲೇ ಅವನ ಗುಂಡಿ ತೋಡಿಸ್ತಾಳೆ. ತಪ್ಪಿಸಿಕೊಂಡು ಬಂದೂಕು ಹಿಡಿದ ಮೇಲೆ ಅವನು ಅವಳಿಗೆ ಹೇಳೋದು ಇಷ್ಟೇ: ನನ್ನನ್ನು ಸೇರಿಸಿಕೊಳ್ಳೋರು ಬೇರೆ ಯಾರೂ ಇಲ್ಲ, ಅದಕ್ಕೇ ಆ ದುಷ್ಟನ ಹತ್ತಿರ ಹೋಗ್ತಿದೀನಿ. ನಾನು ಸೇರಿಸ್ಕೋತೀನಿ ಅಂತಾಳೆ ಅವಳು. ಕನ್ನಡದಲ್ಲಿ 'ಪಾಪ' ಅನ್ನೋ ಒಂದೇ ಪದ ಮಾಡಿದ ತಪ್ಪಿಗೂ ಆಗುತ್ತೆ, ಅಯ್ಯೋ ಅನ್ನಿಸಿದಾಗಲೂ ಬಾಯಿಗೆ ಬರುತ್ತೆ. ಮೈಕಲ್ ಎಮರ್ಸನ್ ಮುಖ ನೋಡ್ತಾ ನನ್ನ ಬಾಯಿಂದ ಬಂದಿದ್ದು ಅದೇ, ಯಾವ ಅರ್ಥದಲ್ಲಿ ಅಂತ ಕೇಳಬೇಡಿ.

ಅವನು ಸಾಯಲ್ಲ. ದ್ವೀಪ ನೋಡ್ಕೊಳ್ಳೋ ಹರ್ಲಿಗೆ ಸಹಾಯಕನಾಗ್ತಾನೆ. ಇದ್ದಬದ್ದವರನ್ನೆಲ್ಲ ಆಳಿದವನಿಗೆ ಎರಡನೇ ಸ್ಥಾನದ ನೌಕರಿ! ಆ ವರ್ಷಗಳನ್ನು ಸರಣಿ ತೋರಿಸೋದೇ ಇಲ್ಲ. ಡಿವಿಡಿ ಜೊತೆ ಬಂದ ಪುಟ್ಟ ತುಣುಕಿನಲ್ಲಿ ಮಾತ್ರ ಅವನು ಒಂದು ಗೋದಾಮು ಮುಚ್ಚಿಸಿ, ಇಬ್ಬರು ನೌಕರರ ಲೆಕ್ಕ ಚುಕ್ತಾ ಮಾಡ್ತಾನೆ.

ಈಗ ಚರ್ಚಿನ ಹೊರಗಿನ ಆ ಮಾತು. ಎಲ್ಲರೂ ಸತ್ತ ಮೇಲಿನ ಲೋಕ ಅದು. ಹಿಂದಿನ ಬದುಕು ನೆನಪಾದವರು ಒಬ್ಬೊಬ್ಬರಾಗಿ ಒಳಗೆ ಹೋಗ್ತಿದಾರೆ. ಗಾಲಿಕುರ್ಚಿಯಲ್ಲಿ ಬಂದ ಲಾಕ್ ಹತ್ತಿರ ಬೆನ್ ಕ್ಷಮೆ ಕೇಳ್ತಾನೆ, ಕೊಂದಿದ್ದು ಹೊಟ್ಟೆಕಿಚ್ಚಿಗೆ ಅಂತ ಒಪ್ಕೋತಾನೆ. ನಿನಗೆ ಅದರಿಂದ ಉಪಯೋಗ ಆಗೋದಾದರೆ ಕ್ಷಮಿಸಿದೀನಿ ಅಂತಾನೆ ಲಾಕ್. ಅಲ್ಲಿಗೆ ಬೆನ್‌ಗೆ ಟಿಕೆಟ್ ಸಿಕ್ಕ ಹಾಗೇ. ಆದರೂ ಅವನು ಒಳಗೆ ಹೋಗಲ್ಲ, ಇನ್ನೂ ಕೆಲಸ ಬಾಕಿ ಇದೆ ಅಂತಾನೆ.

ಆ ಬಾಕಿ ಅಲೆಕ್ಸ್ ಅನ್ನೋದು ನನ್ನ ಓದು. ಆ ಲೋಕದಲ್ಲಿ ಬೆನ್ ಇತಿಹಾಸದ ಮೇಷ್ಟ್ರು, ಅವಳು ವಿದ್ಯಾರ್ಥಿನಿ. ಅವಳ ಕಾಲೇಜು ಸೀಟಿಗೋಸ್ಕರ ತನ್ನ ಬಡ್ತಿಯನ್ನೇ ಬಿಟ್ಟುಕೊಟ್ಟಿದಾನೆ. ಅವಳಿಗೆ ಅವನ ಮೇಲೆ ಗೌರವ, ಅವಳಮ್ಮ ಊಟಕ್ಕೂ ಕರೀತಾಳೆ. ಆದರೆ ಅವನು ಏನು ಮಾಡಿದ್ದ ಅನ್ನೋದು ಅವಳಿಗಿನ್ನೂ ನೆನಪಾಗಿಲ್ಲ. ಲಾಕ್‌ಗೆ ನೆನಪಿದೆ, ಅದಕ್ಕೇ ಅವನು ಕ್ಷಮಿಸಬಲ್ಲ. ಮರೆತವಳ ಹತ್ತಿರ ಏನಂತ ಕೇಳೋದು? ನೆನಪು ಬರಲಿ ಅಂತ ಕಾಯಬೇಕು. ಬಂದ ದಿನ ಅವಳು ಇಲ್ಲ ಅನ್ನಲೂಬಹುದು. ಒಳಗಿನ ಬೆಳಕು, ಅಪ್ಪುಗೆಗಳಲ್ಲಿ ಈ ಭಯ ಇಲ್ಲ; ಅದಕ್ಕೇ ಅವು ನನ್ನನ್ನು ಮುಟ್ಟಲಿಲ್ಲ.

ಹೋಗೋ ಮುಂಚೆ ಬೆನ್ ಲಾಕ್‌ಗೆ ಇನ್ನೊಂದು ಮಾತು ಹೇಳ್ತಾನೆ: ನಿನಗೆ ಆ ಕುರ್ಚಿ ಇನ್ನು ಬೇಕಿಲ್ಲ ಅನ್ಸುತ್ತೆ. ಲಾಕ್ ಎದ್ದು ನಿಂತು ನಡೆದು ಒಳಗೆ ಹೋಗ್ತಾನೆ. ಖಾಲಿ ಗಾಲಿಕುರ್ಚಿ ಹೊರಗೇ ಉಳಿಯುತ್ತೆ, ಬೆನ್ ಕೂಡ.