ಹೊಗೆ ಹತ್ತಿದ ಮೀನು

ಮನೆಯಲ್ಲೇ ಮೀನಿಗೆ ಹೊಗೆ ವಾಸನೆ ಹಿಡಿಸೋದು ಹೇಗೆ ಅಂತ ಹೇಳಿಕೊಡುವ ವಿಡಿಯೋಗಳನ್ನು ಒಂದು ತಿಂಗಳಿಂದ ಒಂದರ ಹಿಂದೊಂದು ನೋಡ್ತಾ ಇದ್ದೀನಿ. ಹೆಚ್ಚಿನವು ಒಂದೇ ಅಚ್ಚಿನವು. ಹುರಿದ ಮೀನನ್ನು ಅಗಲವಾದ ಪಾತ್ರೆಯಲ್ಲಿ ಜೋಡಿಸ್ತಾರೆ, ನಡುವೆ ಪುಟ್ಟ ಸ್ಟೀಲ್ ಬಟ್ಟಲು, ಅದರಲ್ಲೊಂದು ಕೆಂಡ, ಕೆಂಡದ ಮೇಲೆ ಒಂದು ಚಮಚ ತುಪ್ಪ. ಚುರ್ ಅಂತ ಹೊಗೆ ಏಳುತ್ತೆ, ತಟ್ಟನೆ ಮುಚ್ಚಳ. ಐದು ನಿಮಿಷಕ್ಕೆ ತೆಗೆದರೆ 'ಸ್ಮೋಕ್ಡ್ ಫಿಶ್' ರೆಡಿ, ಕೆಳಗಡೆ 'ಅಜ್ಜಿ ಕಾಲದ ರುಚಿ' ಅಂತ ಒಂದು ಸಾಲು. ಉತ್ತರದ ಕಡೆ ಇದಕ್ಕೆ ಧುಂಗಾರ್ ಅಂತಾರೆ. ದಾಲ್‌ಗೆ, ಕೀಮಾಗೆ, ರಾಯತಕ್ಕೆ ಹೇಳಿ ಮಾಡಿಸಿದ ವಿದ್ಯೆ ಅದು. ಮೀನಿಗೆ ಅಲ್ಲ ಅನ್ನೋದು ನನ್ನ ತಕರಾರು. ಅಜ್ಜಿ ವಿಷಯದ ತಕರಾರು ಬೇರೆಯೇ ಇದೆ, ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಬಟ್ಟಲಿನ ಮಾತು. ಇದ್ದಿಲು ಅಂದರೆ ಒಂದು ಸಲ ಬೆಂದು, ತನ್ನ ಹೊಗೆಯನ್ನು ಬಹುಪಾಲು ಕಳೆದುಕೊಂಡ ಸೌದೆ. ಅದಕ್ಕೇ ಇಸ್ತ್ರಿ ಪೆಟ್ಟಿಗೆಯೊಳಗೆ ಹಾಕಿದರೂ ಬಟ್ಟೆ ಮಸಿ ಆಗಲ್ಲ. ಹೊಗೆಯ ರುಚಿ ಅಂತ ನಾವು ಗುರುತಿಸೋದು ಮರದೊಳಗಿನ ಲಿಗ್ನಿನ್ ಅನ್ನೋ ಪದಾರ್ಥ ಕಾವಿಗೆ ಒಡೆದು ಹುಟ್ಟೋ ಗ್ವಾಯಕಾಲ್, ಸಿರಿಂಗಾಲ್ ಮುಂತಾದವುಗಳನ್ನು. ಅವು ಹುಟ್ಟಬೇಕಾದರೆ ಸೌದೆ ಉರಿಯದೆ ಕಮರಬೇಕು. ಬಟ್ಟಲಲ್ಲಿ ಕಮರೋದು ತುಪ್ಪ. ಮೀನಿಗೆ ಹತ್ತೋದು ಸುಟ್ಟ ಜಿಡ್ಡಿನ ವಾಸನೆ, ಅದೂ ಮೇಲ್ಪದರಕ್ಕೆ ಮಾತ್ರ. ಮುರಿದು ಒಳಗಿನ ಬಿಳಿ ತುಂಡು ಬಾಯಿಗಿಟ್ಟರೆ ಹೊಗೆಯೂ ಇಲ್ಲ, ಗಿಗೆಯೂ ಇಲ್ಲ. ಜೊತೆಗೆ ಕೆಂಡದ ಮೇಲೆ ಜಿಡ್ಡು ಬಿದ್ದಾಗ ಏಳೋ ಹೊಗೆಯಲ್ಲೇ ಬೆಂಜೋಪೈರೀನ್‌ನಂಥ ಕ್ಯಾನ್ಸರ್‌ಕಾರಕಗಳು ಸೇರಿಕೊಳ್ಳೋದು. ಯೂರೋಪಿನಲ್ಲಿ ಹೊಗೆ ಹಾಕಿದ ಮೀನಿಗೆ ಇದರ ಮಿತಿಯನ್ನು 2014ರಿಂದ ಕಿಲೋಗೆ 2 ಮೈಕ್ರೋಗ್ರಾಂ ಅಂತ ಇಟ್ಟಿದ್ದಾರೆ. ಯಾವಾಗಲೋ ಒಂದು ದಿನ ತಿಂದರೆ ಯಾರೂ ಸಾಯಲ್ಲ, ಸರಿ. ಆದರೆ ರುಚಿಯೂ ಸಿಗದೆ ಬರೀ ಕೆಟ್ಟದ್ದು ಮಾತ್ರ ಸಿಗೋ ವಿಧಾನವನ್ನು ಯಾಕೆ ಹಿಡಿಯಬೇಕು?

ಕೋಲಾರದವನಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ನಮಗೆ ಸಮುದ್ರ ಇಲ್ಲ, ವರ್ಷವಿಡೀ ಹರಿಯೋ ಹೊಳೆ ಇಲ್ಲ, ಪಾಲಾರ್ ಹೆಸರಿಗೆ ನದಿ. ನಮ್ಮ ಮೀನು ಅಂದರೆ ಕೆರೆ ಮೀನು: ಕಾಟ್ಲಾ, ರೋಹು, ಜಿಲೇಬಿ, ಅದೃಷ್ಟ ಇದ್ದರೆ ಕೊರವ. ಕೆರೆ ಮೀನಿಗೆ ಒಂದು ಮಣ್ಣಿನ ವಾಸನೆ ಇರುತ್ತೆ. ಮೊದಲ ಮಳೆಗೆ ನೆಲದಿಂದ ಏಳುತ್ತಲ್ಲ, ಅದರಲ್ಲೂ ಇರೋ ಜಿಯೋಸ್ಮಿನ್ ಅನ್ನೋದೇ ಇದಕ್ಕೂ ಮುಖ್ಯ ಕಾರಣ. ನೀರಿನಲ್ಲಿ ಲಕ್ಷ ಕೋಟಿಗೆ ಕೆಲವೇ ಭಾಗ ಇದ್ದರೂ ನಮ್ಮ ಮೂಗು ಹಿಡಿಯುತ್ತೆ. ನೆಲದಲ್ಲಿದ್ದಾಗ ಅದಕ್ಕೆ ಕವಿತೆ ಬರೀತೀವಿ, ಮೀನಿನಲ್ಲಿದ್ದರೆ ತಟ್ಟೆ ಸರಿಸ್ತೀವಿ. ಹುಳಿ ಬಿದ್ದರೆ ಅದು ಒಡೆಯುತ್ತೆ, ಅದಕ್ಕೇ ನಮ್ಮ ಕಡೆ ಮೀನು ಸಾರಿಗೆ ಹುಣಸೆಹಣ್ಣು ಅಷ್ಟು ಧಾರಾಳ. ಹುಳಿ ಬಿಟ್ಟರೆ ಅದನ್ನು ಮರೆಸಬಲ್ಲದ್ದು ಹೊಗೆ.

ಮರೆಸೋ ವಿದ್ಯೆ ನಮ್ಮಲ್ಲಿ ಇರಲಿಲ್ಲ ಅಂತಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿ ಮೀನು ಹಿಡಿಯೋ ದಿನ, ಏರಿ ಮೇಲೆ ಹುಡುಗರು ಹೊರೆ ಒಣಹುಲ್ಲು ಹಾಕಿ, ಪೊರೆ ತೆಗೆಯದ ಮೀನನ್ನು ಅದರೊಳಗೆ ತಳ್ಳಿ ಬೆಂಕಿ ಇಡ್ತಿದ್ವಿ. ಹುಲ್ಲು ಎರಡು ನಿಮಿಷದಲ್ಲಿ ಭಗ್ ಅಂತ ಉರಿದು, ಆಮೇಲೆ ಬಹಳ ಹೊತ್ತು ಹೊಗೆಯಾಡ್ತಾ ಬೀಳುತ್ತೆ. ಕರಿಕಾದ ಪೊರೆ ಕವಚದ ಹಾಗೆ ಕಳಚಿದರೆ ಒಳಗೆ ಹಬೆಯಲ್ಲಿ ಬೆಂದ, ಹೊಗೆ ಕುಡಿದ ಮೀನು. ಉಪ್ಪು ಯಾರಾದರೂ ಮನೆಯಿಂದ ಪೊಟ್ಟಣ ಕಟ್ಟಿಕೊಂಡು ಬಂದಿದ್ದರೆ ಉಂಟು. ಮನೆಯೊಳಗೆ ಇದ್ದದ್ದು ಒಣಮೀನು, ತೆಲುಗು ಮನೆಗಳಲ್ಲಿ ಎಂಡುಚೇಪಲು. ಒಲೆಯ ಕೆಂಡದಲ್ಲಿ ಸುಟ್ಟು, ಬೂದಿ ಝಾಡಿಸಿ, ಈರುಳ್ಳಿ, ಹಸಿಮೆಣಸಿನಕಾಯಿ, ಹುಣಸೆ ರಸದ ಜೊತೆ ಕಿವುಚಿದರೆ ಮುದ್ದೆ ತಾನಾಗೇ ಗಂಟಲಿಗೆ ಇಳೀತಿತ್ತು. ಇದನ್ನು ಯಾವ ವಿಡಿಯೋದಲ್ಲೂ ನಾನು ನೋಡಲಿಲ್ಲ. ನೋಡೋಕೆ ಚೆನ್ನಾಗಿರಲ್ಲ ಅಂತಲೋ ಏನೋ.

ಇನ್ನು ಅಜ್ಜಿ. ಹೋದ ವಾರ ಅಮ್ಮ ಬಂದಿದ್ದಾಗ ನಾನು ಒಲೆ ಮುಂದೆ ಪ್ರಯೋಗ ನಡೆಸಿದ್ದೆ. ಒಳಗೆ ಬಂದವರು ಸೆರಗು ಮೂಗಿಗೆ ಹಿಡಿದು, "ಏನಪ್ಪಾ, ಗ್ಯಾಸ್ ಇಟ್ಕೊಂಡು ಮನೆಯೆಲ್ಲಾ ಪೊಗ ಮಾಡ್ಕೊಂಡಿದೀಯ?" ಅಂದರು. ಮೀನಿಗೆ ಹೊಗೆ ವಾಸನೆ ಬರಲಿ ಅಂತ ಅಂದೆ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. "ಹಾಲು ಹೊಗೆ ಹತ್ತಿದೆ ಅಂತ ನಿಮ್ಮಜ್ಜಿ ಕೈಲಿ ಎಷ್ಟು ಬೈಸ್ಕೊಂಡಿದೀನಿ ಗೊತ್ತಾ ನಾನು?"

ನಮ್ಮ ಅಡುಗೆಮನೆ ಭಾಷೆಯಲ್ಲಿ 'ಹೊಗೆ ಹತ್ತಿದೆ' ಅನ್ನೋದು ಹೊಗಳಿಕೆ ಅಲ್ಲವೇ ಅಲ್ಲ. ಅನ್ನ ಸೀದದ್ದು, ಹಾಲು ಒಡೆದದ್ದು, ಸಾರು ಹೊಗೆ ಹತ್ತಿದ್ದು, ಮೂರೂ ಒಂದೇ ಪಟ್ಟಿ. ಹಸಿ ಸೌದೆ, ಊದುಗೊಳವೆ, ಕೆಂಪಗಾದ ಕಣ್ಣು. ಆ ಹೊಗೆಯಿಂದ ಹೆಂಗಸರನ್ನು ಹೊರಗೆ ತರೋಕೆ ಎಷ್ಟು ಜನ ತಲೆ ಕೆಡಿಸಿಕೊಂಡಿದ್ದಾರೆ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಶುರುಮಾಡಿದ 'ಅಸ್ತ್ರ' ಕೇಂದ್ರದವರು ಹೊಗೆಗೂಡಿನ ಅಸ್ತ್ರ ಒಲೆ ಮಾಡಿ ಹಳ್ಳಿಗಳಿಗೆ ಕೊಟ್ಟರು. 2016ರಲ್ಲಿ ಉಜ್ವಲಾ ಸಿಲಿಂಡರ್ ಬಂತು. ಇಷ್ಟಾದರೂ ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೀಗಿರುವಾಗ ಸ್ಟೀಲ್ ಬಟ್ಟಲಲ್ಲಿ ಐದು ನಿಮಿಷ ಹೊಗೆ ಎಬ್ಬಿಸಿ, ಚಿಮಣಿ ಫ್ಯಾನ್ ಹಾಕ್ಕೊಂಡು 'ಅಜ್ಜಿ ಕಾಲ' ಅನ್ನೋದು ನನಗೆ ಸರಿಕಾಣಲ್ಲ. ರುಚಿ ಬೇಕು ಅಂದರೆ ಬೇಕು ಅನ್ನಿ. ಅಜ್ಜಿಯನ್ನು ಸಾಕ್ಷಿಗೆ ಎಳೀಬೇಡಿ. ಅವರನ್ನು ಕೇಳಿದ್ದರೆ ಮೊದಲು ಸಿಲಿಂಡರ್ ಕೇಳ್ತಿದ್ದರು.

ಬಾಟಲಿ ಹೊಗೆಯ ಬಗ್ಗೆ ಒಂದು ಮಾತು. ಲಿಕ್ವಿಡ್ ಸ್ಮೋಕ್ ಅನ್ನೋದು ಪೂರ್ತಿ ಮೋಸ ಅಲ್ಲ, ನಿಜವಾದ ಸೌದೆ ಹೊಗೆಯನ್ನೇ ತಂಪು ಮಾಡಿ ದ್ರವವಾಗಿ ಇಳಿಸಿ, ಡಾಂಬರನ್ನು ಸೋಸಿರುತ್ತಾರೆ. ಆದರೆ ಯೂರೋಪಿನವರು ಸುರಕ್ಷತೆ ಸಾಬೀತಾಗಿಲ್ಲ ಅಂತ 2024ರಲ್ಲಿ ಇಂಥ ಎಂಟು ಹೊಗೆ ಸಾರಗಳ ಪರವಾನಗಿ ಮುಂದುವರಿಸಲಿಲ್ಲ. ನನ್ನ ಅಡ್ಡಿ ಅಷ್ಟು ದೊಡ್ಡದಲ್ಲ: ಎರಡು ಹನಿ ಜಾಸ್ತಿ ಬಿದ್ದರೆ ಮೀನು ಆಸ್ಪತ್ರೆ ವಾಸನೆ ಹೊಡೆಯುತ್ತೆ.

ಹಾಗಾದರೆ ಯಾವುದು ಸರಿ? ನಾಲ್ಕು ಸಲ ಕೆಡಿಸಿಕೊಂಡ ಮೇಲೆ ನನಗೆ ಒಪ್ಪಿಗೆಯಾದದ್ದು ಹಳೇ ಕಬ್ಬಿಣದ ಬಾಣಲೆ. ಮೀನಿನ ತುಂಡಿಗೆ ಉಪ್ಪು ಹಚ್ಚಿ ಅರ್ಧ ಗಂಟೆ ಇಟ್ಟು, ತೊಳೆದು, ಒರೆಸಿ, ಒಂದು ಗಂಟೆ ಫ್ಯಾನ್ ಕೆಳಗೆ ಆರಿಸಬೇಕು. ವಿಡಿಯೋದವರು ಬಿಟ್ಟುಬಿಡೋದು ಇದನ್ನೇ. ಮೇಲ್ಮೈ ಒಣಗಿ ಬೆರಳಿಗೆ ಅಂಟಂಟಾಗಬೇಕು, ಹೊಗೆ ಕೂರೋದು ಆ ಪೊರೆಗೆ. ಒದ್ದೆ ಮೀನಿನ ಮೇಲೆ ಹೊಗೆ ಬಿದ್ದರೆ ಕಹಿ ನೀರಾಗಿ ಇಳಿಯುತ್ತೆ. ಬಾಣಲೆ ತಳಕ್ಕೆ ಫಾಯಿಲ್, ಅದರ ಮೇಲೆ ಒಂದು ಹಿಡಿ ಒಣ ಸೌದೆ ಚೂರು, ಮೇಲೆ ಜಾಲರಿ, ಜಾಲರಿ ಮೇಲೆ ಮೀನು. ಹೊಗೆ ಎದ್ದ ಕೂಡಲೇ ಉರಿ ಸಣ್ಣ ಮಾಡಿ ಬಿಗಿಯಾಗಿ ಮುಚ್ಚಿ ಹದಿನೈದು ನಿಮಿಷ. ಆಮೇಲೂ ನಡುಭಾಗ ಬೆಂದಿಲ್ಲದಿದ್ದರೆ ಹೆಂಚಿನ ಮೇಲೆ ಮುಗಿಸಬೇಕು. ಕಿಟಕಿ ತೆಗೆದಿರಲಿ. ನಾನ್‌ಸ್ಟಿಕ್ ಪಾತ್ರೆ ಬೇಡ, ಖಾಲಿ ಕಾದರೆ ಅದರ ಲೇಪವೇ ವಿಷದ ಹೊಗೆ ಬಿಡುತ್ತೆ. ಇದು ಅವತ್ತೇ ತಿನ್ನೋ ಮೀನು, ಇಟ್ಟುಕೊಳ್ಳೋದಲ್ಲ. ಮೀನು ಬೇಯಿಸದೆ ತಣ್ಣನೆ ಹೊಗೆ ಹಾಕೋ ಪದ್ಧತಿಗೆ 30 ಡಿಗ್ರಿಗಿಂತ ಕಡಿಮೆ ಕಾವು ಬೇಕು, ನಮ್ಮ ಏಪ್ರಿಲ್‌ನಲ್ಲಿ ಅದು ನೆರಳಲ್ಲೂ ಸಿಗಲ್ಲ.

ಸೌದೆಯ ವಿಷಯಕ್ಕೆ ಬಂದರೆ ನಾವು ಶ್ರೀಮಂತರು. ಶ್ರೀನಿವಾಸಪುರದ ಮಾವಿನ ಮರ ಸವರಿದಾಗ ಬೀಳೋ ಕೊಂಬೆ ಮೊದಲನೇದು, ಹೊಗೆ ಸಿಹಿಯಾಗಿರುತ್ತೆ. ರೇಷ್ಮೆ ಮಾಡೋರ ಮನೆ ಹಿತ್ತಲಲ್ಲಿ ಒಟ್ಟಿರೋ ಹಿಪ್ಪುನೇರಳೆ ಕಡ್ಡಿ ಅದಕ್ಕಿಂತ ಮೃದು, ಕಾಟ್ಲಾಗೆ ನನಗೆ ಅದೇ ಇಷ್ಟ. ನೀಲಗಿರಿ ಮಾತ್ರ ಬೇಡ, ಮೀನು ತಿಂದರೆ ನೆಗಡಿ ಮುಲಾಮು ನೆಕ್ಕಿದ ಹಾಗಿರುತ್ತೆ. ಆಮೇಲೆ ಬಳ್ಳಾರಿ ಜಾಲಿ. ಕೆರೆ ಅಂಗಳಗಳನ್ನೆಲ್ಲ ನುಂಗಿದೆ ಅಂತ ನಾವು ಜೆಸಿಬಿ ತಂದು ಕೀಳಿಸೋ ಈ ಮುಳ್ಳುಗಿಡದ ಹತ್ತಿರದ ನೆಂಟನೇ ಅಮೆರಿಕದ ಟೆಕ್ಸಾಸ್‌ನವರು ಮಾಂಸಕ್ಕೆ ಹೊಗೆ ಹಾಕೋಕೆ ಕಾಸು ಕೊಟ್ಟು ಕೊಳ್ಳೋ ಮೆಸ್ಕೀಟ್. ಅದರ ಹೊಗೆ ಖಾರ, ಅರ್ಧ ಹಿಡಿ ಸಾಕು.

ಒಂದು ಅಳುಕನ್ನು ಹೇಳದೆ ಮುಗಿಸೋಕಾಗಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧವಾಗಿ ನಮ್ಮ ಕೆರೆಗಳಿಗೆ ಬರ್ತಿದೆ. ಲಕ್ಷ್ಮೀಸಾಗರ, ನರಸಾಪುರ ತುಂಬಿದವು, ಬೋರ್‌ವೆಲ್‌ಗಳಲ್ಲಿ ನೀರು ಬಂತು, ಮೀನೂ ಬಂತು. ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನೋ ಕೂಗು ಮಾತ್ರ ನಿಂತಿಲ್ಲ. ಮಣ್ಣಿನ ವಾಸನೆ ಮರೆಸೋ ಹೊಗೆ ಬೇರೆ ವಾಸನೆಗಳನ್ನೂ ಮರೆಸುತ್ತೆ. ಅದಕ್ಕೇ ಈಗ ಮೀನು ಕೊಳ್ಳುವಾಗ ಯಾವ ಕೆರೆದು ಅಂತ ಕೇಳ್ತೀನಿ, ಕಿವಿರು ಎತ್ತಿ ಮೂಸಿ ನೋಡ್ತೀನಿ. ಹಸಿಯಾಗಿದ್ದಾಗ ಮೂಗಿಗೆ ಒಪ್ಪದ ಮೀನು ಬಾಣಲೆಗೆ ಹೋಗಲ್ಲ.

ಅವತ್ತು ಅಮ್ಮ ಎರಡು ತುಂಡು ತಿಂದರು. ಉಪ್ಪು ಕಮ್ಮಿ ಅಂದರು. ಊಟ ಆದ ಮೇಲೆ ಅಡುಗೆಮನೆ ಕರ್ಟನ್ ಬಿಚ್ಚಿ ಬಕೆಟ್‌ನಲ್ಲಿ ನೆನೆಹಾಕಿದರು.