ಎಲ್ಲರ ಮನೆಯಲ್ಲೂ ಇರುವ ಮುಖ

ಸುಲ್ತಾನ್ ಬಜಾರಿನಲ್ಲಿ ಮೆಟ್ರೊ ಕಂಬಗಳ ಕೆಳಗೆ ಸೀರೆ, ಬಳೆ, ಕುಂಕುಮ ಕೊಳ್ಳುತ್ತ ನಡೆದವರಿಗೆ ತೋಟ ವೈಕುಂಠಂ ಅವರ ಹೆಂಗಸರು ಅಪರಿಚಿತರಲ್ಲ. ಕಪ್ಪು ಮೈ, ಹಣೆ ತುಂಬ ಕೆಂಪು ಬೊಟ್ಟು, ಮೂಗುತಿ, ಕಣ್ಣು ಕುಕ್ಕುವ ಅರಿಸಿನ–ಕೆಂಪು ಸೀರೆ. ಹೈದರಾಬಾದಿಗೆ ಬಂದು ಫ್ಲ್ಯಾಟ್ ಕೊಂಡ ನಮ್ಮವರ ಎಷ್ಟೋ ಹಜಾರಗಳಲ್ಲಿ ಈ ಮುಖವಿದೆ. ಅಸಲೋ ನಕಲೋ ಎಂದು ಕೇಳಿದರೆ ಮನೆಯವರು ಮುಗುಳ್ನಗುತ್ತಾರೆ, ಅಷ್ಟೆ.

ವೈಕುಂಠಂ ಅವರನ್ನು ಪಾಪ್ ಕಲಾವಿದ ಎನ್ನುವುದು ಪೂರ್ತಿ ಸರಿಯಲ್ಲ. ಆಂಡಿ ವಾರ್ಹೋಲ್ 1962ರಲ್ಲಿ ಮರ್ಲಿನ್ ಮನ್ರೋಳ ಸಿನಿಮಾ ಪ್ರಚಾರದ ಫೋಟೊ ತೆಗೆದುಕೊಂಡು ರೇಷ್ಮೆ ಪರದೆಯಿಂದ ಮತ್ತೆ ಮತ್ತೆ ಅಚ್ಚೊತ್ತಿದ. ಆಗಲೇ ಎಲ್ಲರ ಬಳಿ ಇದ್ದ ಮುಖ ಅದು. ವೈಕುಂಠಂ ಅವರದು ತಿರುವುಮುರುವು ದಾರಿ: ತೆಲಂಗಾಣದ ಹಳ್ಳಿಯ ನೆನಪಿನಿಂದ ಬಂದ ಮುಖ, ಆಮೇಲೆ ಎಲ್ಲರದಾಯಿತು. ನಮ್ಮಲ್ಲಿ ನಿಜವಾದ ಪಾಪ್ ಭಾವಚಿತ್ರ ಬೇಕೆಂದರೆ ಬರೋಡದ ಲೆಕ್ಕಪರಿಶೋಧಕ ಭೂಪೇನ್ ಖಖ್ಖರ್ ಬಳಿ ಹೋಗಬೇಕು. 1972ರ ‘ಡಿ-ಲಕ್ಸ್ ಟೈಲರ್ಸ್’, ‘ಜನತಾ ವಾಚ್ ರಿಪೇರಿಂಗ್’ ಚಿತ್ರಗಳ ಅಂಗಡಿಯವರನ್ನು ಸುಲ್ತಾನ್ ಬಜಾರಿನಲ್ಲಿ ಕೂರಿಸಿದರೂ ಯಾರೂ ತಿರುಗಿ ನೋಡುವುದಿಲ್ಲ. ಬೋರ್ಡು, ಕ್ಯಾಲೆಂಡರುಗಳ ಬಣ್ಣವನ್ನು ಖಖ್ಖರ್ ಗೇಲಿ ಮಾಡಲಿಲ್ಲ, ಆ ಬಣ್ಣದೊಳಗಿನ ಒಂಟಿ ಮನುಷ್ಯನನ್ನು ಕಂಡರು.

‘ಡಿ-ಲಕ್ಸ್ ಟೈಲರ್ಸ್’ 2017ರಲ್ಲಿ ಲಂಡನ್ನಿನ ಸೋದಬೀಸ್ ಹರಾಜಿನಲ್ಲಿ 11 ಲಕ್ಷ ಪೌಂಡ್ ದಾಟಿತು. ಅದು ಖಖ್ಖರರ ಗೆಳೆಯ, ಚಿತ್ರಕಾರ ಹೋವರ್ಡ್ ಹಾಡ್ಕಿನ್ ಅವರ ಸಂಗ್ರಹದಲ್ಲಿತ್ತು. ಚಿತ್ರ ಯಾರ ಕೈಯಿಂದ ಯಾರ ಕೈಗೆ ಬಂತೆಂಬ ಸರಪಳಿ ತುಂಡಾಗಿರಲಿಲ್ಲ. ಎಲ್ಲರ ಬಳಿಯೂ ಇರುವ ಮುಖಕ್ಕೆ ಬೆಲೆ ಕಟ್ಟುವಾಗ ಆ ಸರಪಳಿಯೇ ಮೊದಲ ಸಾಕ್ಷಿ. ಗ್ಯಾಲರಿಯ ಬಿಲ್ಲು, ಕಲಾವಿದರ ಸಹಿ, ಪ್ರದರ್ಶನದ ಕ್ಯಾಟಲಾಗು ಇಲ್ಲದಿದ್ದರೆ ‘ಇನ್ವೆಸ್ಟ್‌ಮೆಂಟ್’ ಎಂಬ ಮಾತಿಗೆ ಕಿವಿಗೊಡಬೇಡಿ. ಸೆರಿಗ್ರಾಫ್ ಆದರೆ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಪ್ರತಿ ಸಂಖ್ಯೆ ಮತ್ತು ಸಹಿ ಇರಬೇಕು. ಚೌಕಟ್ಟಿಗೆ ಹೊಂದಲೆಂದು ಆ ಅಂಚು ಕತ್ತರಿಸಿದರೆ ಬೆಲೆಯ ದೊಡ್ಡ ಪಾಲೂ ಕತ್ತರಿಗೆ ಹೋದಂತೆ.

ಕಾಗದದ ಸಾಕ್ಷಿ ಆದಮೇಲೆ ಕಣ್ಣಿನ ಸಾಕ್ಷಿ. ವೈಕುಂಠಂ ಅವರ ಒಳ್ಳೆಯ ಚಿತ್ರದಲ್ಲಿ ಕತ್ತಿನಿಂದ ಭುಜಕ್ಕೆ ಇಳಿಯುವ ಗೆರೆ ದಪ್ಪವಾಗಿ, ತೆಳುವಾಗಿ ಉಸಿರಾಡುತ್ತದೆ. ನಕಲುಗಾರ ಸೀರೆಯ ಬಣ್ಣ ತರುತ್ತಾನೆ, ಆ ಗೆರೆ ತರಲಾರ. ಹಾಗೆಂದು ಅಸಲೆಲ್ಲ ಸಮವೂ ಅಲ್ಲ. ಬೇಡಿಕೆಗೆ ತಕ್ಕಂತೆ ಪುನರಾವರ್ತನೆಗೊಂಡ ಕೆಲವು ಮುಖಗಳಲ್ಲಿ ಅಲಂಕಾರವೇ ಉಳಿದು, ಹೊಲದಲ್ಲಿ ದುಡಿದ ಹೆಂಗಸು ಕಾಣೆಯಾಗಿದ್ದಾಳೆ. ಸಹಿ ಇದ್ದ ಮಾತ್ರಕ್ಕೆ ವಿಮರ್ಶೆ ಸುಮ್ಮನಾಗಬೇಕಿಲ್ಲ.

ಇನ್ನು ಜೋಪಾನದ ಮಾತು. ಅಕ್ರಿಲಿಕ್ ಬಣ್ಣ ಬಿಸಿಲಿಗೆ ಮೆತ್ತಗಾಗಿ ಧೂಳು ಹಿಡಿಯುತ್ತದೆ. ಗಾಜು ಬಣ್ಣಕ್ಕೆ ತಾಗಬಾರದು, ನಡುವೆ ಸಂದು ಬೇಕು. ಒದ್ದೆ ಬಟ್ಟೆ, ಗಾಜು ಒರೆಸುವ ಸ್ಪ್ರೇ ಎರಡೂ ಬೇಡ. ಮೃದುವಾದ ಒಣ ಬ್ರಷ್ ಸಾಕು. ಏಪ್ರಿಲ್ ಬಿಸಿಲು ನೇರ ಬೀಳುವ ಗೋಡೆ, ಮಳೆಗಾಲದಲ್ಲಿ ತೇವ ಎಳೆಯುವ ಹೊರಗೋಡೆ ತಪ್ಪಿಸಿ. ಕಾಗದದ ಚಿತ್ರಕ್ಕೆ ಅಗ್ಗದ ರಟ್ಟು ಹಾಕಿದರೆ ಅದರ ಆಮ್ಲ ಕೆಲವೇ ವರ್ಷಗಳಲ್ಲಿ ಕಾಗದವನ್ನು ಕಂದು ಮಾಡುತ್ತದೆ. ಸೆಲೋಟೇಪು ಬೇಡವೆಂದು ಚೌಕಟ್ಟಿನವರಿಗೆ ಮೊದಲೇ ಹೇಳಿ. ಲ್ಯಾಮಿನೇಷನ್ನಂತೂ ಚಿತ್ರದ ಕೊರಳಿಗೆ ಕುಣಿಕೆ.

ನಕಲು ತೂಗುಹಾಕಿದ್ದರೆ ನಾಚಬೇಕಿಲ್ಲ, ನಕಲೆಂದು ಹೇಳಿದರಾಯಿತು. ಪಾಪ್ ಕಲೆ ಹುಟ್ಟಿದ್ದೇ ಪ್ರತಿಗಳ ಲೋಕದಲ್ಲಿ. ಆದರೆ ಬೇರೆ ನೆಲದಿಂದ ಬಂದು ಈ ನೆಲದ ಹೆಂಗಸಿನ ಮುಖವನ್ನು ಗೋಡೆಗೇರಿಸಿದ ನಮಗೆ ಇನ್ನೊಂದು ಹೊಣೆಯೂ ಇದೆ: ಸೋಫಾದ ಬಣ್ಣಕ್ಕೆ ಒಪ್ಪುತ್ತದೆಯೇ ಎಂದಷ್ಟೇ ಕೇಳದೆ, ಅವಳು ಯಾರೆಂದು ಕೇಳುವುದು.