ಸ್ಥಾವರ–ಜಂಗಮ: ಒಂದು ಧ್ವನಿವಿಚಾರ

ಆಡಿದ ಮಾತಿಗಿಂತ ಆಡದೆ ಉಳಿದ ಅರ್ಥವೇ ಹಿರಿದಾಗುವ ಬಗೆಯನ್ನು ನಮ್ಮ ಆಲಂಕಾರಿಕರು ಧ್ವನಿಯೆಂದು ಕರೆದರು. ಈ ವಿಚಾರದೊಡನೆ ಕೊಪ್ಪಳ ಸೀಮೆಗೆ ಹಳೆಯ ನಂಟುಂಟು. ಕ್ರಿ.ಶ. ೮೫೦ರ ಸುಮಾರಿನ ‘ಕವಿರಾಜಮಾರ್ಗ’ವು ಕನ್ನಡದ ತಿರುಳನ್ನು ಗುರುತಿಸುವಾಗ ಹೆಸರಿಸುವ ಕೊಪಣನಗರವೇ ಇಂದಿನ ಕೊಪ್ಪಳ. ಅದೇ ಗ್ರಂಥವು ತನ್ನ ಮೂರನೆಯ ಪರಿಚ್ಛೇದದಲ್ಲಿ ಧ್ವನಿಯನ್ನೂ ಒಂದು ಅಲಂಕಾರವೆಂದು ಎಣಿಸಿದೆ. ಅದೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಧ್ವನಿಯು ಅಲಂಕಾರಮಾತ್ರವಲ್ಲ, ಕಾವ್ಯದ ಆತ್ಮವೆಂದು ಪ್ರತಿಪಾದಿಸಿದನು. ಅಲಂಕಾರವನ್ನು ಕಳಚಿದರೂ ಒಡಲು ಉಳಿದೀತು, ಆತ್ಮ ಹೋದರೆ ಉಳಿಯುವುದೇನು? ವಚನಗಳನ್ನು ಓದುವವರು ಈ ಭೇದವನ್ನು ಪರಿಭಾವಿಸಬೇಕು.

ಧ್ವನಿಯು ಪಂಡಿತರ ಸೊತ್ತಲ್ಲ. ತುಂಗಭದ್ರೆಯ ಎಡದಂಡೆಯಲ್ಲಿ ‘ಕಾಲುವಿಗೆ ನೀರ ಬಿಟ್ಟಾರ’ ಎಂಬ ಒಂದೇ ಮಾತನ್ನು ಹಲವರು ಕೇಳುತ್ತಾರೆನ್ನಿ. ಗಂಗಾವತಿಯ ಭತ್ತದ ರೈತನಿಗೆ ಅದು ‘ಸಸಿಮಡಿ ಸಿದ್ಧಮಾಡು’ ಎಂದು ಹೊಳೆಯುತ್ತದೆ. ಕೂಲಿಯವಳಿಗೆ ‘ನಾಟಿಯ ಕೆಲಸ ಬಂತು’ ಎಂದು. ಸಾಲ ಕೊಟ್ಟವನಿಗೆ ‘ಹಣ ಮರಳುವ ಕಾಲ ಬಂತು’ ಎಂದು. ಮಳೆಯನ್ನೇ ನೆಚ್ಚಿದ ಕುಷ್ಟಗಿ, ಯಲಬುರ್ಗಾಗಳ ಒಕ್ಕಲಿಗನಿಗೆ ಅದೇ ಮಾತು ತನ್ನ ಹೊಲದ ಬಾಯಾರಿಕೆಯನ್ನು ನೆನಪಿಸುತ್ತದೆ. ವಾಚ್ಯಾರ್ಥ ಒಂದೇ, ವ್ಯಂಗ್ಯಾರ್ಥಗಳು ಹಲವು. ಆಡುವವನು, ಕೇಳುವವನು, ಕಾಕು, ಬಳಿಯಲ್ಲಿರುವ ಮೂರನೆಯವನು, ಪ್ರಸ್ತಾವ, ದೇಶ, ಕಾಲ ಇವೆಲ್ಲ ಅರ್ಥವನ್ನು ನಿರ್ಣಯಿಸುತ್ತವೆ ಎಂದು ಮಮ್ಮಟನು ಹೇಳಿರುವುದು ಇದನ್ನೇ.

ಈ ಅಳತೆಗೋಲಿನಿಂದ ದೇಹವನ್ನೇ ದೇಗುಲವಾಗಿಸಿದ ಬಸವಣ್ಣನವರ ಪ್ರಸಿದ್ಧ ವಚನವನ್ನು ನೋಡಬಹುದು. ಬಡವನಾದ ತಾನು ಏನು ಮಾಡಲೆಂಬ ಪ್ರಶ್ನೆ ವಾಚ್ಯದಲ್ಲಿ ದೈನ್ಯ. ಕಾಕುವಿನಲ್ಲಿ ಅದು ದೈನ್ಯವಲ್ಲ, ಸವಾಲು. ಮಾತು ಕೂಡಲಸಂಗಮದೇವನಿಗೆ, ತಾಗುವುದು ಬಳಿಯಲ್ಲಿ ನಿಂತು ಕೇಳುವ ಸಿರಿವಂತನಿಗೆ. ಕಡೆಯಲ್ಲಿ ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕಿಲ್ಲವೆಂಬ ತೀರ್ಪು ಬರುತ್ತದೆ. ಇಲ್ಲಿ ಸ್ಥಾವರವೆಂದರೆ ಗುಡಿ, ಜಂಗಮವೆಂದರೆ ದೇಹ ಎಂದು ಸಮೀಕರಿಸುವುದು ವಾಡಿಕೆ. ಆದರೆ ಈ ಅರ್ಥ ನಿಲ್ಲದು. ಕಲ್ಲಿನ ಗುಡಿ ಶತಮಾನಗಳ ಕಾಲ ಬಾಳುತ್ತದೆ. ದೇಹವೇ ಮೊದಲು ಅಳಿಯುತ್ತದೆ. ಹೀಗೆ ಮುಖ್ಯಾರ್ಥಕ್ಕೆ ಬಾಧೆಯೊದಗಿದಲ್ಲಿಯೇ ಧ್ವನಿಯ ಬಾಗಿಲು ತೆರೆಯುತ್ತದೆ. ಅಳಿಯದ ಜಂಗಮವೆಂದರೆ ಚಲನಶೀಲವಾದ ಅರಿವು, ಒಬ್ಬರಿಂದೊಬ್ಬರಿಗೆ ಹರಿದುಬರುವ ಆಚಾರ. ನಿಂತುಹೋದುದು ದೇಹವಾದರೂ ಸ್ಥಾವರವೇ.

ಈ ಮಾತು ನಮಗೂ ಅನ್ವಯಿಸುತ್ತದೆ. ಜಂಗಮವೆಂದರೆ ಒಂದು ವೇಷ, ಒಂದು ಕುಲವೆಂದು ನಿಘಂಟಿನ ಅರ್ಥವನ್ನು ಕಟ್ಟಿಹಾಕಿದರೆ ಆ ಪದವೇ ಸ್ಥಾವರವಾಗುತ್ತದೆ. ಬೆಡಗಿನ ವಚನಗಳ ಟೀಕೆಗಳನ್ನು ಓದುವಾಗಲೂ ಈ ಎಚ್ಚರ ಬೇಕು. ಟೀಕೆಯು ಬಾಗಿಲವರೆಗೆ ಕರೆದೊಯ್ಯುವ ದೀಪ. ಒಳಹೊಕ್ಕು ಕಾಣಬೇಕಾದವನು ಓದುಗನೇ.

ಅಳವರಿತು ನುಡಿಯುವವರು, ನುಡಿದುದನ್ನು ಅರಿತು ವಿಚಾರಿಸುವವರು ಎಂದು ‘ಕವಿರಾಜಮಾರ್ಗ’ವು ಈ ನಾಡವರನ್ನು ಹೊಗಳಿದೆ. ಶರಣರು ಮೊದಲನೆಯದನ್ನು ನೆರವೇರಿಸಿದ್ದಾರೆ. ಎರಡನೆಯದು ನಮ್ಮ ಹೊಣೆ.